ಮಾಕ್ಸಿ ಕಾಯುವ ಕಲ್ಲು

"ಆ ಕಲ್ಲು ಕೆಳಗಿಡಬೇಡಿ. ಹಾಗೇ ಹಿಡ್ಕೊಂಡಿರಿ."

ಬೆನ್ನ ಹಿಂದೆ ಗಂಡು ದನಿ. ಮಾರ್ನಿ ಬೀಲ್ ಇದ್ದಲ್ಲೇ ನಿಂತಳು. ಅವಳ ಕಾಲ ಬುಡದಲ್ಲಿ ಹನ್ನೊಂದು ಕಲ್ಲು ಚೆಲ್ಲಾಪಿಲ್ಲಿಯಾಗಿ ಬಿದ್ದಿದ್ದವು. ಹನ್ನೆರಡನೆಯದು ಕೈಯಲ್ಲಿತ್ತು. ಎರಡು ನಿಮಿಷದ ಹಿಂದೆ ಹನ್ನೆರಡೂ ಒಂದರ ಮೇಲೊಂದು ಗುಪ್ಪೆಯಾಗಿ ನಿಂತಿದ್ದವು. ಕೆಡವಿದವಳು ಅವಳೇ.

ತಿರುಗಿ ನೋಡಿದಳು. ಡೊಲಿವರ್ ಗುಡ್ಡದ ನೆತ್ತಿಯ ಆ ಕವಲುದಾರಿಗೆ ಇನ್ನೊಂದು ಗುಡ್ಡವೇ ಹತ್ತಿ ಬಂದಂತಿದ್ದ ಆ ಮನುಷ್ಯ. ಹೆಗಲ ಮೇಲೆ ಕುರಿಮರಿ ಹೊತ್ತ ಹಾಗೆ ಒಂದು ಕಪ್ಪು ನಾಯಿಯನ್ನು ಹೊತ್ತಿದ್ದ. ಕುರಿಮರಿ ಎಂದದ್ದು ಹೊತ್ತ ಚಂದಕ್ಕೆ. ಗಾತ್ರದಲ್ಲಿ ಅದು ಎರಡು ವರ್ಷದ ಕರು. ಅವನ ಪಕ್ಕದಲ್ಲಿ ಏಳು ವರ್ಷದ ಹುಡುಗಿ, ಮುಂದಿನ ಎರಡು ಹಲ್ಲು ಖಾಲಿ.

ಈಗ ಬೈಗುಳ ಬರುತ್ತದೆ ಎಂದುಕೊಂಡಳು ಮಾರ್ನಿ. ಬರಲಿ, ಅದಕ್ಕೇನು.

"ನೋಡಿದ್ಯಾ ಹ್ಯಾಟಿ," ಎಂದ ಅವನು ಮಗಳಿಗೆ. "ಪ್ರಪಂಚದಲ್ಲಿ ಒಳ್ಳೇವ್ರೂ ಇದಾರೆ. ಯಾವನೋ ಪಾಪಿ ನಮ್ಮ ಕಲ್ಲು ಬೀಳಿಸಿ ಹೋಗಿದಾನೆ. ಇವ್ರು ಪಾಪ ಎತ್ತಿಡ್ತಿದಾರೆ."

ಮಾರ್ನಿ ಬಾಯಿ ತೆರೆದಳು. 'ಅಲ್ಲ ಸ್ವಾಮಿ, ನಾನೇ ಆ ಪಾಪಿ' ಎನ್ನಲು ಎಷ್ಟು ಹೊತ್ತು ಬೇಕು? ಆದರೆ ಬಾಯಿ ತೆರೆದದ್ದು ತೆರೆದ ಹಾಗೇ ಮುಚ್ಚಿಕೊಂಡಿತು.

ಸುಳ್ಳು ಹೇಳುವ ಆಸೆಯಿಂದಲ್ಲ. ಮಾತಾಡಲು ಬೇಕಾದ ಒಂದು ಹಿಡಿ ಮನಸ್ಸು ಅವಳಲ್ಲಿ ಉಳಿದಿರಲಿಲ್ಲ.

ಏಪ್ರಿಲಿನಿಂದ ಮಾರ್ನಿಗೆ ಏನೆಂದರೆ ಏನೂ ಅನ್ನಿಸುತ್ತಿರಲಿಲ್ಲ. ಅಮೆರಿಕದ ಮೇಯ್ನ್ ಕರಾವಳಿಯ ಆ ದ್ವೀಪದ ಕರಿನೊಣಗಳು ಕುದುರೆಗಿಂತ ದೊಡ್ಡ ಮೂಸ್ ಜಿಂಕೆಯನ್ನೇ ಅಳಿಸಿ ಕೆರೆಗೆ ಹಾರಿಸುವಂಥವು. ಅವು ಕೂಡ ಮಾರ್ನಿಯನ್ನು ಕಚ್ಚಿ, ಅವಳು ಕೈ ಸಹ ಬೀಸದ್ದನ್ನು ಕಂಡು, ಅವಮಾನ ತಾಳಲಾರದೆ ಬೇರೆ ಊರಿಗೆ ವಲಸೆ ಹೋಗಿದ್ದವು. ಒಲೆಗೆ ಕೈ ತಾಗಿದರೆ ವಾಸನೆ ಬಂದ ಮೇಲೆ ಅವಳಿಗೆ ಗೊತ್ತಾಗುತ್ತಿತ್ತು.

ಏಪ್ರಿಲಿನಲ್ಲಿ ಟಗ್ ಹೋಗಿದ್ದ. ಟಗ್ ಅವಳ ನಾಯಿ. ಅದಕ್ಕೂ ಮೊದಲು ಅವಳ ಅಪ್ಪನ ನಾಯಿ. ಅಪ್ಪ ತೀರಿಕೊಂಡಾಗ ಅವಳು ಅತ್ತಿರಲಿಲ್ಲ. ಟಗ್‌ಗೆ ಊಟ ಹಾಕಬೇಕಿತ್ತು, ತಿರುಗಾಡಿಸಬೇಕಿತ್ತು, ಅಳಲು ಪುರುಸೊತ್ತೆಲ್ಲಿ? ಟಗ್ ಹೋದ ದಿನ ಇಬ್ಬರಿಗೂ ಸೇರಿಸಿ ಅಳೋಣವೆಂದು ಕೂತಳು. ಅಳು ಬರಲಿಲ್ಲ. "ನಾಯಿ ತಾನೇ, ಇನ್ನೊಂದು ತಂದ್ರಾಯ್ತು" ಎಂದಿತು ಊರು. ಅವಳು ತಲೆಯಾಡಿಸಿದಳು. ಟಗ್‌ನ ಕೊರಳ ಹಿತ್ತಾಳೆ ಬಿಲ್ಲೆ ಅಂದಿನಿಂದ ಅವಳ ಜೇಬಿನಲ್ಲಿದೆ.

ಅಪ್ಪ ಬಿಟ್ಟುಹೋದ ಇನ್ನೊಂದು ಆಸ್ತಿ ದಾರಿಗಲ್ಲು ಕಟ್ಟುವ ಕೆಲಸ. ದ್ವೀಪದ ರಾಷ್ಟ್ರೀಯ ಉದ್ಯಾನದ ಗುಡ್ಡಗಳ ನೆತ್ತಿಯೆಲ್ಲ ಬರಿ ಬಂಡೆ. ಮಣ್ಣಿಲ್ಲ, ಮರವಿಲ್ಲ, ಕಾಲುದಾರಿ ಮೂಡುವುದಿಲ್ಲ. ಹಾಗಾಗಿ ಕಲ್ಲೇ ದಾರಿ ಹೇಳಬೇಕು. ಎರಡು ಕಲ್ಲು ಕಾಲು, ಅವುಗಳ ಮೇಲೆ ಅಡ್ಡಕ್ಕೆ ಒಂದು ಚಪ್ಪಟೆ ಕಲ್ಲು, ತಲೆಯ ಮೇಲೆ ದಾರಿಯತ್ತ ಮೂತಿ ಮಾಡಿದ ಒಂದು ಪುಟ್ಟ ಕಲ್ಲು. ನಾಲ್ಕೇ. ಬಂದ ಜನ ಚಂದಕ್ಕೆಂದು, ನೆನಪಿಗೆಂದು ತಮ್ಮದೇ ಗುಪ್ಪೆ ಕಟ್ಟಿ ಹೋಗುತ್ತಾರೆ. ಮಂಜಿನಲ್ಲಿ ಅದನ್ನು ನಂಬಿ ನಡೆದವರು ಕಡಿದಾದ ಕಡೆ ಸೇರುತ್ತಾರೆ. ಆದ್ದರಿಂದ ಕಳ್ಳ ಗುಪ್ಪೆ ಕಂಡಲ್ಲಿ ಕೆಡವು ಎಂಬುದು ದಾರಿ ಕಾಯುವ ತಂಡದ ಮೊದಲ ಪಾಠ. ಮಾರ್ನಿ ಆ ತಂಡದವಳು. ತಂಡದ ಗುರುತಿನ ಕಿತ್ತಳೆ ಕೋಟು ಅಂದು ಸೆಕೆಗೆ ಚೀಲ ಸೇರಿತ್ತು. ಇಲ್ಲದಿದ್ದರೆ ಈ ಕಥೆ ಅಲ್ಲಿಗೇ ಮುಗಿಯುತ್ತಿತ್ತು.

"ನನ್ನ ಹೆಸ್ರು ಆರಿನ್ ತರ್ಲೋ," ಎಂದ ಅವನು, ನಾಯಿಯನ್ನು ಮೆಲ್ಲಗೆ ಇಳಿಸುತ್ತ. "ದೋಣಿ ಇಂಜಿನ್ ರಿಪೇರಿ. ಇವ್ಳು ಮಾಕ್ಸಿ. ಹದಿನಾಲ್ಕು ವರ್ಷ. ಕಿವಿ ಕೇಳಲ್ಲ, ಕಣ್ಣು ಅರ್ಧ ಕಾಣತ್ತೆ, ಹಠ ಮಾತ್ರ ಪೂರ್ತಿ ಇದೆ."

"ಅಪ್ಪ, ಹೇಳಲಾ?" ಎಂದಳು ಹ್ಯಾಟಿ.

"ಹೇಳು."

"ಮಾಕ್ಸಿ ಚಳಿಗಾಲಕ್ಕೆ ಮುಂಚೆ ಹೋಗ್ಬಿಡ್ತಾಳಂತೆ. ಡಾಕ್ಟರ್ ಹೇಳಿದ್ರು. ಆಮೇಲೆ ಅವ್ಳಿಗೆ ನಾವು ಎಲ್ಲಿ ಸಿಗ್ತೀವಿ ಅಂತ ಗೊತ್ತಾಗ್ಬೇಕಲ್ಲ? ಅದಕ್ಕೆ ಇಲ್ಲಿ ಕಲ್ಲು ಕಟ್ತಿದೀನಿ. ವಾರಕ್ಕೊಂದು ಜಾಸ್ತಿ. ಇಲ್ಲಿಂದ ಸಮುದ್ರ ಕಾಣತ್ತೆ, ಅವ್ಳಿಗಿಷ್ಟ. ಇಲ್ಲೇ ಕಾಯ್ತಿರು ಅಂತ ಹೇಳ್ಕೊಡ್ತಿದೀನಿ."

ಮಾರ್ನಿ ಆ ಹುಡುಗಿಯನ್ನು ನೋಡಿದಳು. ಅರೆಗುರುಡು ಮಾಕ್ಸಿ ಬಂದು ಮಾರ್ನಿಯ ಜೇಬಿಗೆ, ಸರಿಯಾಗಿ ಆ ಹಿತ್ತಾಳೆ ಬಿಲ್ಲೆಗೆ, ಮೂಗಿಟ್ಟಿತು.

ಮಾರ್ನಿ ಬಗ್ಗಿ ಕೈಯಲ್ಲಿದ್ದ ಕಲ್ಲನ್ನು ಬಂಡೆಯ ಮೇಲಿಟ್ಟಳು. ಅದರ ಮೇಲೆ ಇನ್ನೊಂದಿಟ್ಟಳು. ತಾನು ಕೆಡವಿದ ಗುಪ್ಪೆಯನ್ನು ತಾನೇ ಕಟ್ಟಿದಳು. ದ್ವೀಪದ ಇತಿಹಾಸದಲ್ಲಿ ಇಂಥ ಮೂರ್ಖ ಕೆಲಸ ಇನ್ನೊಬ್ಬರು ಮಾಡಿಲ್ಲ.

"ಉಪಕಾರ ಆಯ್ತು ಕಣ್ರೀ," ಎಂದು ಆರಿನ್ ಒಂದು ಡಬ್ಬಿ ತೆಗೆದ. "ಡೋನಟ್ ತಗೊಳ್ಳಿ. ಕಾಕಂಬಿ ಹಾಕಿದ್ದು. ನಾನೇ ಮಾಡಿದ್ದು."

ಹ್ಯಾಟಿ ತಂದೆಯ ಬೆನ್ನ ಹಿಂದೆ ನಿಂತು, ಬೇಡ ಬೇಡ ಎಂದು ಕೈಯಾಡಿಸಿದಳು.

ಆ ಡೋನಟ್‌ಗಳ ವಿಷಯ ಹೇಳಬೇಕು. ಸೀಗಲ್ ಹಕ್ಕಿಗಳು ಅವನ್ನು ಕಚ್ಚಿ ಕೊಕ್ಕು ಸೊಟ್ಟ ಮಾಡಿಕೊಂಡಿದ್ದವು. ಒಂದು ಸಲ ಒಂದು ದೋಣಿಗೆ ಲಂಗರು ಇಲ್ಲದಾಗ ಆರು ಡೋನಟ್ ಕಟ್ಟಿ ಇಳಿಬಿಟ್ಟರಂತೆ; ದೋಣಿ ಬಿರುಗಾಳಿಗೂ ಅಲ್ಲಾಡಲಿಲ್ಲ.

ಮಾರ್ನಿ ಒಂದು ಪೂರ್ತಿ ತಿಂದಳು. ಮುಖದ ಒಂದು ಗೆರೆಯೂ ಕದಲಲಿಲ್ಲ.

"ಹೇಗಿದೆ?"

"ಚೆನ್ನಾಗಿದೆ."

ಆರಿನ್ ತರ್ಲೋ ಆ ಕ್ಷಣವೇ ಮನಸ್ಸು ಕೊಟ್ಟುಬಿಟ್ಟ ಎಂದರೆ ಅದರಲ್ಲಿ ಉತ್ಪ್ರೇಕ್ಷೆ ಒಂದಿಷ್ಟೂ ಇಲ್ಲ.

ಅಂದಿನಿಂದ ಶುರುವಾಯಿತು. ಸೋಮವಾರ ಮಾರ್ನಿ ಕಿತ್ತಳೆ ಕೋಟು ತೊಟ್ಟು ಗುಡ್ಡ ಹತ್ತಿ ಗುಪ್ಪೆ ಕೆಡವುತ್ತಿದ್ದಳು. ಶನಿವಾರ ಕೋಟಿಲ್ಲದೆ ಹತ್ತಿ ಅದನ್ನೇ ಕಟ್ಟುತ್ತಿದ್ದಳು. ಶನಿವಾರವೇ ಯಾಕೆಂದರೆ ಆರಿನ್‌ಗೆ ಬಿಡುವು ಅಂದೇ. ಬೇಸಿಗೆಯಲ್ಲಿ ಭಾನುವಾರ ಲಾಬ್‌ಸ್ಟರ್ ಸೀಗಡಿ ಹಿಡಿಯುವ ಬೋನು ಎತ್ತಬಾರದೆಂದು ಕಾನೂನು, ದೋಣಿಗಳಿಗೆ ರಜೆ; ಹಾಗಾಗಿ ದ್ವೀಪದ ಇಂಜಿನ್‌ಗಳೆಲ್ಲ ಮಾತಾಡಿಕೊಂಡ ಹಾಗೆ ಭಾನುವಾರಕ್ಕೇ ಕೆಡುತ್ತಿದ್ದವು.

'ಇವತ್ತು ಹೇಳಿಬಿಡುತ್ತೇನೆ,' ಎಂದುಕೊಳ್ಳುವಳು ಪ್ರತಿ ಶನಿವಾರ. ಅಷ್ಟರಲ್ಲಿ ಆರಿನ್ ಶುರು ಮಾಡುವನು.

"ಆ ಪಾಪಿ ನನ್ನ ಕೈಗೆ ಸಿಗ್ಬೇಕು ಕಣ್ರೀ. ಸಮುದ್ರಕ್ಕೆ ಎಸೀತೀನಿ."

"ಈಜು ಬಂದ್ರೆ?"

"ಇನ್ನೊಂದ್ಸಲ ಎಸೀತೀನಿ."

ಅವಳಿಗೆ ನಗು ಬರಲಿಲ್ಲ. ಆದರೆ ನಗು ಬರಬೇಕಾಗಿದ್ದ ಜಾಗ ಎಲ್ಲಿದೆ ಎಂದು ನೆನಪಾಯಿತು. ಅಷ್ಟೇ ಆಗಿ ಎಷ್ಟು ತಿಂಗಳಾಗಿತ್ತೋ.

ಆರಿನ್ ಕೇಳದೆಯೇ ಎಲ್ಲ ಹೇಳಿಕೊಳ್ಳುತ್ತಿದ್ದ. ಹ್ಯಾಟಿಯ ಅಮ್ಮ ಬೇರೆಯವರನ್ನು ಮದುವೆಯಾಗಿ ಬ್ಯಾಂಗರಿಗೆ ಹೋದದ್ದು, ಆ ರಾತ್ರಿ ಹ್ಯಾಟಿ ಮಾಕ್ಸಿಯ ಹೊಟ್ಟೆಯ ಮೇಲೆ ತಲೆಯಿಟ್ಟು ಮಲಗಿದ್ದು, ಆಮೇಲೆ ಬೇರೆ ದಿಂಬೇ ಕೇಳದಿದ್ದದ್ದು.

"ಮಾಕ್ಸಿ ಹೋದ್ರೆ ಇವಳನ್ನ ಹೇಗೆ ಮಲಗಿಸ್ಲಿ, ನೀವೇ ಹೇಳಿ," ಎಂದ ಒಮ್ಮೆ, ಬ್ಲೂಬೆರಿ ಕೀಳುತ್ತ ತಲೆಯೆತ್ತದೆ. "ನಿಮ್ಗೆ ನಾಯಿ ಇತ್ತಾ?"

"ಇತ್ತು."

"ಹೆಸ್ರು?"

ಮಾರ್ನಿ ಸಮುದ್ರ ನೋಡಿದಳು. ಟಗ್ ಎನ್ನುವುದು ಒಂದೇ ಒಂದು ಪುಟ್ಟ ಪದ. ಅವಳು ಜೇಬಿನೊಳಗೆ ಬಿಲ್ಲೆಯನ್ನು ಹಿಡಿದುಕೊಂಡಳು.

"ಇರ್ಲಿ ಬಿಡಿ," ಎಂದ ಆರಿನ್. ಅವಳ ಕೈಗೆ ಒಂದು ಹಿಡಿ ಬ್ಲೂಬೆರಿ ಸುರಿದ.

ಸೆಪ್ಟೆಂಬರಿನ ಮೊದಲ ಸೋಮವಾರ ಅವಳು ಗುಡ್ಡ ಹತ್ತಿದಾಗ ಗುಪ್ಪೆ ಹಾಗೇ ನಿಂತಿತ್ತು. ಹಿಂದಿನ ಶನಿವಾರ ಮಾಕ್ಸಿಗೆ ನಿಲ್ಲಲು ಆಗಿರಲಿಲ್ಲ. ಆರಿನ್ ಹೊಟ್ಟೆಯ ಕೆಳಗೆ ಟವಲ್ ಹಾಕಿ ಎತ್ತಿ ಹಿಡಿದಿದ್ದ. ಹ್ಯಾಟಿ ಅದರ ಮುಂಗಾಲು ಹಿಡಿದು ಒಂದು ಕಲ್ಲು ಮುಟ್ಟಿಸಿದ್ದಳು.

ಮಾರ್ನಿ ಕಾಲೆತ್ತಿದಳು. ಕಾಲು ಇಳಿಸಿದಳು. ಹಾಗೇ ಇಳಿದುಹೋದಳು.

ಎರಡನೆಯ ಸೋಮವಾರವೂ ಅಷ್ಟೇ. ಮೂರನೆಯ ಸೋಮವಾರವೂ ಅಷ್ಟೇ.

"ಡೊಲಿವರ್ ಕವಲಲ್ಲಿ ಒಂದು ಗುಪ್ಪೆ ಇದೆಯಂತಲ್ಲೇ ಮಾರ್ನಿ," ಎಂದಳು ತಂಡದ ಯಜಮಾನಿ ವರ್ನಾ. ಎಪ್ಪತ್ತರ ಹೆಂಗಸು, ಆಕೆ ಒಮ್ಮೆ ದಿಟ್ಟಿಸಿದರೆ ಕಳ್ಳ ಗುಪ್ಪೆಗಳು ತಾವೇ ಕುಸಿಯುತ್ತವೆ ಎಂದು ಹೆಸರಾಗಿತ್ತು.

"ನೋಡ್ತೀನಿ."

"ನೋಡ್ಬೇಡ, ಕೆಡವು. ನಿಮ್ಮಪ್ಪ ಇದ್ದಿದ್ರೆ ನಿನ್ನನ್ನೇ ಕೆಡವ್ತಿದ್ದ."

ಆ ಶನಿವಾರ ಮಂಜು ಬಂತು. ಆ ದ್ವೀಪದ ಮಂಜನ್ನು ಚಾಕುವಿನಲ್ಲಿ ಕೊಯ್ದು ಬ್ರೆಡ್ಡಿಗೆ ಹಚ್ಚಬಹುದು. ಅಂದಿನದಕ್ಕೆ ಗರಗಸವೇ ಬೇಕಿತ್ತು. ಕೆಡವದೆ ಬಿಟ್ಟ ಗುಪ್ಪೆ ನೆನಪಾಗಿ ಮಾರ್ನಿ ಕಿತ್ತಳೆ ಕೋಟು ತೊಟ್ಟು ಓಡಿದಳು.

ಕವಲಿನ ಹತ್ತಿರ ಬಂದಾಗ ನಾಯಿ ಬೊಗಳುವುದು ಕೇಳಿಸಿತು. ಎಡಗಡೆಯಿಂದ. ಬಲಗಡೆಯದು ಮಕ್ಕಳೂ ಮುದುಕರೂ ನಡೆಯುವ ದಾರಿ. ಎಡಗಡೆ ನಲವತ್ತು ಹೆಜ್ಜೆ ಬಂಡೆ, ಆಮೇಲೆ ಪ್ರಪಾತಕ್ಕೆ ಬಡಿದ ಕಬ್ಬಿಣದ ಮೆಟ್ಟಿಲು.

ಆ ಮೆಟ್ಟಿಲ ತುದಿಯಲ್ಲಿ ಒಬ್ಬ ಗಂಡಸು ಕುಕ್ಕರಗಾಲಲ್ಲಿ ಕೂತಿದ್ದ. ಬೆನ್ನ ಚೀಲದಲ್ಲಿ ಕೂಸು. ಅವನ ಹೆಂಡತಿ ಒದ್ದೆ ಬಂಡೆಗೆ ಅಂಟಿಕೊಂಡು ಒಂದು ಪುಟ್ಟ ನಾಯಿಯನ್ನು ಅಪ್ಪಿಕೊಂಡಿದ್ದಳು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ.

"ಅಲ್ಲಾಡಬೇಡಿ. ಬಂದೆ," ಎಂದಳು ಮಾರ್ನಿ.

ಮೊದಲು ಆ ತಾಯಿಯ ಕೈ ಹಿಡಿದಳು. ಅಷ್ಟರಲ್ಲಿ ಮಂಜಿನೊಳಗಿಂದ ಇನ್ನೊಂದು ದೊಡ್ಡ ಕೈ ಬಂತು. ಆರಿನ್. ಮಗಳನ್ನೂ ಮಾಕ್ಸಿಯನ್ನೂ ಗುಪ್ಪೆಯ ಹತ್ತಿರ ಕೂರಿಸಿ ಸದ್ದು ಕೇಳಿ ಬಂದಿದ್ದ. ಇಬ್ಬರೂ ಸೇರಿ ಕೂಸಿನ ಚೀಲವನ್ನು ಬಿಚ್ಚಿ ಎಳೆದುಕೊಂಡರು. ಎಳೆಯುವಾಗ ಕೂಸಿನ ಒಂದು ಶೂ ಜಾರಿ ಅಂಚಿನಾಚೆ ಬಿತ್ತು.

ಎಲ್ಲರೂ ಕಿವಿಗೊಟ್ಟರು. ಕೆಳಗಿನಿಂದ ಸದ್ದೇ ಬರಲಿಲ್ಲ.

ಕವಲಿಗೆ ಬಂದ ಮೇಲೆ ಆ ತಂದೆ ಜೇಬಿನಿಂದ ಮುದುಡಿದ ಕಾಗದ ತೆಗೆದ, ಉದ್ಯಾನದ ಬಾಗಿಲಲ್ಲಿ ಹಂಚುವ ದಾರಿ ವಿವರದ್ದು. 

"ಇದ್ರಲ್ಲೇ ಇದೆ ನೋಡಿ. ಮಕ್ಕಳಿಗೂ ನಾಯಿಗೂ ಸುಲಭದ ದಾರಿ, ಮಂಜಿದ್ರೆ ಕಲ್ಲಿನ ಗುರುತು ಬಿಡಬೇಡಿ ಅಂತ. ನಾವು ಬಿಡ್ಲಿಲ್ಲ. ಈ ಕಲ್ಲು ನೋಡ್ಕೊಂಡೇ ಬಂದ್ವಿ."

ಅವನು ಬೆರಳು ತೋರಿಸಿದ್ದು ಕವಲಿನ ಎಡಮಗ್ಗುಲಲ್ಲಿ ನಿಂತಿದ್ದ ಹ್ಯಾಟಿಯ ಗುಪ್ಪೆಗೆ. ಆ ಕಾಗದದ ಪ್ರತಿ ಸಾಲನ್ನೂ ಬರೆದವಳು ಮಾರ್ನಿ. ಪ್ರತಿ ದಾರಿಯನ್ನೂ ಟಗ್‌ನ ಮುದಿ ಮಂಡಿಯಲ್ಲಿ ಅಳೆದು ಬರೆದಿದ್ದಳು.

ಆ ಸಂಸಾರವನ್ನು ಬಲದಾರಿಗೆ ಹತ್ತಿಸಿ ಬಂದು, ಮಾರ್ನಿ ಗುಪ್ಪೆಯ ಮುಂದೆ ಮಂಡಿಯೂರಿದಳು. ಮೇಲಿನ ಕಲ್ಲಿನಿಂದ ಒಂದೊಂದೇ ತೆಗೆದು ದೂರ ಇಟ್ಟಳು. ಕೈಗೆ ಅದು ಎಷ್ಟು ಅಭ್ಯಾಸವಾಗಿತ್ತು ಎಂಬುದು ಯಾರಿಗಾದರೂ ಕಾಣುವಂತಿತ್ತು.

ಹ್ಯಾಟಿ ಕಿತ್ತಳೆ ಕೋಟು ನೋಡಿದಳು. ಆ ಕೈಗಳನ್ನು ನೋಡಿದಳು.

"ಆ ಪಾಪಿ ನೀವೇನಾ?"

"ಹೂಂ," ಎಂದಳು ಮಾರ್ನಿ.

ಆರಿನ್ ಮಗಳನ್ನು ಹತ್ತಿರ ಎಳೆದುಕೊಂಡ. ಆಮೇಲೆ, "ಜೂನ್‌ನಿಂದ?"

"ಜೂನ್‌ನಿಂದ."

"ಪ್ರತಿ ಸೋಮವಾರ?"

"ಕೊನೇ ಮೂರು ಸೋಮವಾರ ಬಿಟ್ಟು. ಆ ಮೂರೇ ನಾನು ಮಾಡಿದ ತಪ್ಪು."

"ಒಂದು ಮಾತು ಹೇಳಿದ್ರೆ ನಾನೇ ತೆಗೀತಿದ್ದೆ." ಅವನ ದನಿ ಏರಲಿಲ್ಲ, ಏರಿದ್ದರೆ ವಾಸಿಯಿತ್ತು. "ಬೇಸಿಗೆ ಪೂರ್ತಿ ಪಕ್ಕದಲ್ಲಿ ಕೂತು ನಮ್ಮ ನಾಯಿ ಸಾಯೋ ಕಥೆ ಕೇಳಿದ್ರಿ. ನಿಮ್ಗೆ ಏನೂ ಅನ್ನಿಸ್ಲೇ ಇಲ್ವಾ?"

ಅವಳು ಸತ್ಯ ಹೇಳಿದಳು. "ಗೊತ್ತಿಲ್ಲ. ನನ್ಗೆ ಗೊತ್ತಾಗಲ್ಲ."

ಅವನು ಮಾಕ್ಸಿಯನ್ನು ಹೆಗಲಿಗೇರಿಸಿಕೊಂಡ. ಹ್ಯಾಟಿಯ ಕೈ ಹಿಡಿದ. ಮಂಜು ಮೂವರನ್ನೂ ನುಂಗಿತು.

ಮನೆಗೆ ಬಂದು ಮಾರ್ನಿ ಅಡುಗೆಮನೆಯಲ್ಲಿ ಕೂತಳು. ಈಗಲಾದರೂ ಅಳು ಬರಬಹುದೆಂದು ಒಂದು ಗಂಟೆ ಕಾದಳು. ಬರಲಿಲ್ಲ. ಎದ್ದು ಪಾತ್ರೆ ತೊಳೆದಳು.

ಮುಂದಿನ ನಾಲ್ಕು ಶನಿವಾರ ಗುಡ್ಡದ ಮೇಲೆ ಯಾರೂ ಇರಲಿಲ್ಲ. ಅವಳು ಮಾತ್ರ ಹೋದಳು. ಬರೀ ಬಂಡೆಯ ಮುಂದೆ ನಿಂತಳು, ಬಂದಳು. ನಾಲ್ಕನೆಯ ಸಲ ಬರುವಾಗ ಕಾಲು ಸ್ವಲ್ಪ ಭಾರವೆನಿಸಿತು. ಅನಿಸಿತು ಎಂಬುದೇ ಅವಳಿಗೆ ಸುದ್ದಿ.

ಅಕ್ಟೋಬರಿನ ಕೊನೆಯ ಶನಿವಾರ ತಂಡದ ಕಡೆಯ ಕೆಲಸದ ದಿನ. ಹಿಮ ಬೀಳುವ ಮೊದಲು ಬಿದ್ದ ದಾರಿಗಲ್ಲುಗಳನ್ನೆಲ್ಲ ನಿಲ್ಲಿಸಬೇಕು; ಯಾರು ಬೇಕಾದರೂ ಬಂದು ಕೈ ಜೋಡಿಸಬಹುದು. ಮಾರ್ನಿ ಕೋಟಿನ ಗುಂಡಿ ಹಾಕುತ್ತಿದ್ದಾಗ ವರ್ನಾಳ ದನಿ ಕೇಳಿಸಿತು.

"ಇಷ್ಟು ದೊಡ್ಡ ಆಳಿಗೆ ಕೋಟು ನನ್ ಹತ್ರ ಇಲ್ಲಪ್ಪ. ಎರಡು ಕೋಟು ಹೊಲಿದು ಕೊಡ್ಲಾ? ಮಾರ್ನಿ, ಇವ್ರಿಬ್ರೂ ನಿನ್ ಜೊತೆ. ಡೊಲಿವರ್ ಕವಲಿಗೆ ಒಂದು ಸರಿಯಾದ ದಾರಿಗಲ್ಲು ಬೇಕು. ಇನ್ನೊಂದ್ಸಲ ಅಲ್ಲಿ ಯಾರೂ ದಾರಿ ತಪ್ಪಬಾರ್ದು. ಯಾರೂ ಅಂದ್ರೆ ಯಾರೂ." ಹೇಳಿ ಆಕೆ ಮಾರ್ನಿಯನ್ನು ದಿಟ್ಟಿಸಿದಳು.

ಆರಿನ್ ನಿಂತಿದ್ದ. ಪಕ್ಕದಲ್ಲಿ ಹ್ಯಾಟಿ. ಅವಳ ಕೈಯಲ್ಲಿ ಉದ್ಯಾನದ ನಿಯಮದಂತೆ ನಾಯಿಗೆ ಕಟ್ಟುವ ಆರಡಿ ಹಗ್ಗ. ಹಗ್ಗದ ಇನ್ನೊಂದು ತುದಿಯಲ್ಲಿ ಏನೂ ಇರಲಿಲ್ಲ.

 ಮೂವರೂ ಗುಡ್ಡ ಹತ್ತಿದರು. ಅಭ್ಯಾಸಬಲದಿಂದ ಮೂವರೂ ನಿಧಾನವಾಗಿ, ಮಾಕ್ಸಿಯ ಹೆಜ್ಜೆಗೇ ನಡೆದರು.

ಕವಲಿನಲ್ಲಿ ಮಾರ್ನಿ ತೋರಿಸಿಕೊಟ್ಟಳು. ಆರಿನ್ ಎರಡು ಕಾಲುಗಲ್ಲು ತಂದ. ಮೂವರು ಎತ್ತುವ ಕಲ್ಲನ್ನು ಒಬ್ಬನೇ ತಂದ. ಅಡ್ಡಗಲ್ಲನ್ನು ಇಬ್ಬರೂ ಹಿಡಿದು ಕೂರಿಸಿದರು. ಅವನ ಬೆರಳು ಅವಳ ಬೆರಳ ಪಕ್ಕದಲ್ಲಿತ್ತು, ಬೆಚ್ಚಗಿತ್ತು.

"ಆ ಶೂ ಬಿದ್ದ ಸದ್ದು ಬರ್ಲೇ ಇಲ್ವಲ್ಲ," ಎಂದ ಅವನು ಮೆಲ್ಲಗೆ. "ಬಾರದೇ ಇದ್ದ ಆ ಸದ್ದೇ ನನ್ಗೆ ಈಗ್ಲೂ ಕೇಳ್ತಿರತ್ತೆ. ತಪ್ಪು ನಂದು ಕಣ್ರೀ. ನಿಮ್ಮನ್ನ ಬೈದೆ."

"ನಾನು ಹೇಳ್ಬೇಕಿತ್ತು."

"ಒಂದು ಕೇಳ್ಲಾ? ಆ ಮೂರು ಸೋಮವಾರ ಯಾಕೆ ಬಿಟ್ರಿ?"

ಮಾರ್ನಿ ಕಲ್ಲಿನ ಮೇಲಿನ ಪಾಚಿ ಕೆರೆದಳು.

"ಅದು ನಿಂತಿದ್ರೆ ಮಾಕ್ಸಿನೂ ನಿಂತಿರ್ತಾಳೆ ಅನ್ನಿಸ್ತು."

ಆರಿನ್ ಮುಖ ಆಚೆ ತಿರುಗಿಸಿದ.

ಹ್ಯಾಟಿ ಮೂತಿಯಿರುವ ಪುಟ್ಟ ಕಲ್ಲು ಆರಿಸಿ ತಂದಿದ್ದಳು. ಅದನ್ನು ಮೇಲಿಡಲು ಹೋಗಿ ನಿಲ್ಲಿಸಿದಳು.

"ಇದು ಬಲಕ್ಕೆ ತೋರಿಸತ್ತೆ. ನಾನು ಮಾಕ್ಸಿಗೆ ಎಡಗಡೆ ಕಾಯಿ ಅಂತ ಹೇಳಿದೀನಿ. ಈಗ ಅವ್ಳು ಎಲ್ಲಿ ಕಾಯ್ತಾಳೆ?"

 ಮಾರ್ನಿ ಮಂಡಿಯೂರಿದಳು. ಜೇಬಿನಿಂದ ಹಿತ್ತಾಳೆ ಬಿಲ್ಲೆ ತೆಗೆದು ಹ್ಯಾಟಿಯ ಅಂಗೈಯಲ್ಲಿಟ್ಟಳು.

"ಇದು ನನ್ ನಾಯಿದು. ಅವನ ಹೆಸ್ರು..." ಅವಳು ಬಿಲ್ಲೆಯ ಮೇಲೆ ಬೆರಳಾಡಿಸಿದಳು. "ಟಗ್. ಟಗ್ ಅಂತ. ಅವನು ನಮ್ಮಪ್ಪನ ಜೊತೆ ಈ ಉದ್ಯಾನದ ಎಲ್ಲಾ ದಾರಿಗಲ್ಲೂ ಕಟ್ಟಿದಾನೆ. ಮಾಕ್ಸಿ ಮೊದಲ ದಿನಾನೇ ಇದನ್ನ ಮೂಸಿ ಇಟ್ಕೊಂಡಿದಾಳೆ, ನೆನಪಿದೆಯಾ? ಅವನನ್ನ ಹುಡುಕ್ಕೋತಾಳೆ. ಅವಳು ಒಂದೇ ಕಡೆ ಯಾಕೆ ಕಾಯ್ಬೇಕು ಪುಟ್ಟಿ? ಪ್ರತಿ ಕಲ್ಲಿನ ಹತ್ರಾನೂ ಇಬ್ರೂ ಒಂದೊಂದು ನಿಮಿಷ ಕೂತು, ನೀನು ಬಂದ್ಯಾ ಅಂತ ನೋಡಿ, ಮುಂದೆ ಹೋಗ್ತಾರೆ."

ಹ್ಯಾಟಿ ಯೋಚಿಸಿದಳು. "ಆರಡಿ ಹಗ್ಗ ಇಲ್ದೇನೇ?"

"ಇಲ್ದೇನೇ."

ಹ್ಯಾಟಿ ಪುಟ್ಟ ಕಲ್ಲನ್ನು ಮೇಲಿಟ್ಟಳು, ಬಲಕ್ಕೆ ಮೂತಿ ಮಾಡಿ. ಅದು ಒಂದಿಷ್ಟೂ ಅಲ್ಲಾಡದೆ ಕೂತಿತು.

ಆಗ ಮಾರ್ನಿಗೆ ನೋವಾಯಿತು. ಹಿಮದಲ್ಲಿ ಮರಗಟ್ಟಿದ ಬೆರಳಿಗೆ ಬಿಸಿ ತಾಗಿದರೆ ಮೊದಲು ಬರುವುದು ನೋವೇ ತಾನೇ? ಅಪ್ಪನಿಗೆ ಬಾರದ ಅಳು, ಟಗ್‌ಗೆ ಬಾರದ ಅಳು, ಮಾಕ್ಸಿಯದೂ ಸೇರಿ ಒಟ್ಟಿಗೇ ಬಂತು. ಅಂದು ಬಂದರಿನಲ್ಲಿ ಕಟ್ಟಿದ್ದ ದೋಣಿಗಳೆಲ್ಲ ಒಂದು ಗೇಣು ಮೇಲೆದ್ದವೆಂದು ಜನ ಈಗಲೂ ಹೇಳುತ್ತಾರೆ. ಸಮುದ್ರದ ಉಬ್ಬರದಿಂದಲ್ಲ.

ಆರಿನ್ ಅವಳನ್ನು ಸುಮ್ಮನಾಗಿಸಲಿಲ್ಲ. ಪಕ್ಕದಲ್ಲಿ ಕೂತು, ಹೆಗಲು ಕೊಟ್ಟು, ಸಮುದ್ರ ನೋಡಿದ. ಆ ಹೆಗಲಿಗೆ ಹೊರುವುದು ಅಭ್ಯಾಸವಿತ್ತು.

ಅಳು ಇಳಿದ ಮೇಲೆ ಅವನು ಡಬ್ಬಿ ತೆಗೆದ. ಬೇರೆ ಏನು ಮಾಡಬೇಕೋ ತಿಳಿಯದ ಗಂಡಸು ಅಷ್ಟನ್ನಾದರೂ ಮಾಡಬೇಕಲ್ಲ.

ಮಾರ್ನಿ ಒಂದು ಡೋನಟ್ ಕಚ್ಚಿದಳು. ಅಗಿದಳು. ನಿಲ್ಲಿಸಿದಳು. ಮುಖ ಮೆಲ್ಲಗೆ ಕಿವುಚಿಕೊಂಡಿತು.

"ಆರಿನ್."

"ಏನು?"

"ಇದು ತುಂಬಾ ಕೆಟ್ಟದಾಗಿದೆ."

ಹ್ಯಾಟಿ ಕೈ ತಟ್ಟಿದಳು. "ನಾನು ಮೊದಲ ದಿನಾನೇ ಹೇಳಿದ್ದೆ."

"ಬೇಸಿಗೆ ಪೂರ್ತಿ ತಿಂದೆಯಲ್ಲೇ," ಎಂದ ಆರಿನ್. ಬಹುವಚನ ಬಿಟ್ಟುಹೋದದ್ದು ಅವನಿಗೆ ಗೊತ್ತಾಗಲೇ ಇಲ್ಲ. "ಚೆನ್ನಾಗಿದೆ ಅಂತಿದ್ದೆ. ಪ್ರಪಂಚದಲ್ಲಿ ನಂಗೆ ಅಂತಾನೇ ಹುಟ್ಟಿದ ಒಬ್ಳು ಸಿಕ್ಳು ಅಂದ್ಕೊಂಡಿದ್ದೆ."

"ಆಗ ರುಚಿ ಗೊತ್ತಾಗ್ತಿರ್ಲಿಲ್ಲ."

"ಈಗ?"

ಅವಳು ಕೆನ್ನೆ ಒರೆಸಿಕೊಂಡಳು. ಉಳಿದ ಅರ್ಧ ಡೋನಟ್ಟನ್ನು ಬಿಸಾಡಲಿಲ್ಲ.

"ಈಗ ಎಲ್ಲಾ ಗೊತ್ತಾಗ್ತಿದೆ. ನೀನು ಪಕ್ಕದಲ್ಲಿ ಕೂತಿರೋದೂ."

ಅವನು ಕಿವಿಯವರೆಗೂ ಕೆಂಪಾದ. "ಹಾಗಾದ್ರೆ ಮುಂದಿನ ಶನಿವಾರ ಡೋನಟ್ ತರಬಾರ್ದಾ?"

"ತಗೊಂಡು ಬಾ," ಎಂದಳು ಮಾರ್ನಿ. "ನಾನು ಹಲ್ಲು ಗಟ್ಟಿ ಮಾಡ್ಕೊಂಡು ಬರ್ತೀನಿ."